ಅಡ್ಡಗಾಲಿನ ಕಾಂತೇಶ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ಸ್ಕೂಟಿ ನಿಲ್ಲಿಸಿ ಮಂಜುಳಾ ಆ ಬ್ಯಾನರನ್ನು ಮೇಲಿನಿಂದ ಕೆಳಗೆ ಓದಿದಳು. ನಂಬಿಕೆ ಬರಲಿಲ್ಲ. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದಳು. ಈ ಸಲ ಸಿಟ್ಟು ನೆತ್ತಿಗೇರಿತು. ಹಿಂದೆ ನಿಂತಿದ್ದ ಟಂಟಂ ಆಟೋದವನು ಹಾರ್ನ್ ಬಾರಿಸುತ್ತಲೇ ಇದ್ದ. "ಬಾರಸೋ, ಬಾರಸು! ಊರಿಗೆಲ್ಲಾ ಕೇಳ್ಲಿ!" ಎಂದು ಅವನಿಗೂ ಒಂದು ಪಾಲು ಕೊಟ್ಟಳು.

ಬ್ಯಾನರಿನಲ್ಲಿದ್ದವನು ಕಾಂತೇಶ. ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಜೀವಮಾನವಿಡೀ ತೋಳು ಮಡಚಿದ ಅಂಗಿ ಬಿಟ್ಟು ಬೇರೇನೂ ಹಾಕದವನಿಗೆ ಯಾರದೋ ಕರಿ ಕೋಟು, ಕೆಂಪು ಟೈ ತೊಡಿಸಿದ್ದರು. ಕೋಟು ಒಂದು ಕಡೆ ನೋಡುತ್ತಿತ್ತು, ತಲೆ ಇನ್ನೊಂದು ಕಡೆ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ಅಜಾತಶತ್ರು, ಮಿತಭಾಷಿ, ಸರಳ ಸಜ್ಜನ. ಮತ್ತೆ ಹುಟ್ಟಿ ಬಾ ಗೆಳೆಯ'. ಪಕ್ಕದಲ್ಲಿ, ಸತ್ತವನ ಮುಖಕ್ಕಿಂತ ದೊಡ್ಡದಾಗಿ, ಕಾಂತೇಶನ ಹಳ್ಳಿಯ ಜಮೀನುದಾರ, ಮುಖಂಡ ಅಂದಾನೆಪ್ಪ ಸಾವುಕಾರ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಸಣ್ಣದಾಗಿ ಕಲ್ಮೇಶ. ಕಲ್ಮೇಶ ಎಂದರೆ ಕಾಂತೇಶ, ಮಂಜುಳಾ ಇಬ್ಬರ ಜೊತೆಗೂ ಓದಿದವನು, ಈಗ ಗುತ್ತಿಗೆದಾರ. ಅಂದಾನೆಪ್ಪ ಹಾಕಿಸುವ ರಸ್ತೆ, ಕಟ್ಟಿಸುವ ಗಟಾರ ಎಲ್ಲ ಅವನದೇ ಕೆಲಸ. ಶನಿವಾರ ಮಧ್ಯಾಹ್ನ ಶ್ರದ್ಧಾಂಜಲಿ ಸಭೆ, ಎಲ್ಲ ಹಳೆಯ ಗೆಳೆಯರೂ ಬರಬೇಕು ಎಂದು ಬರೆದಿತ್ತು.

"ಮಿತಭಾಷಿ ಅಂತ, ಮಿತಭಾಷಿ!" ಮಂಜುಳಾ ಬೀದಿಯಲ್ಲಿಯೇ ನಕ್ಕಳು, ನಗುವಾಗಲೇ ಕಣ್ಣಲ್ಲಿ ನೀರು ಬಂತು. ಸತ್ತ ಎಮ್ಮೆಗೆ ಸೇರು ತುಪ್ಪ ಅನ್ನುವುದು ಲೋಕದ ರೂಢಿ, ಹೋಗಲಿ. ಆದರೆ ಕಾಂತೇಶನನ್ನು ಹೀಗೆ ಬೆಣ್ಣೆ ಸವರಿ ನುಣ್ಣಗೆ ಮಾಡುವುದಿದೆಯಲ್ಲ, ಅದನ್ನು ಅವನೇ ಸಹಿಸುತ್ತಿರಲಿಲ್ಲ.

ಸಹಿಸುವುದಾದರೂ ಹೇಗೆ? ಇಂಥ ಬ್ಯಾನರು ಮಾಡುವುದೇ ಅವನ ಕಸುಬಾಗಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಅವನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಚುನಾವಣೆ, ಮದುವೆ, ಎಲ್ಲಕ್ಕಿಂತ ಹೆಚ್ಚು ಸಾವು. ಉಳಿದ ಅಂಗಡಿಯವರು ಕೇಳಿದ್ದನ್ನು ಹೊಡೆದು ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಿದ್ದರೆ ಇವನು ಸತ್ತವರ ಮನೆಯವರ ಜೊತೆ ವಾದಕ್ಕೆ ಕೂರುತ್ತಿದ್ದ.

"ಅಜಾತಶತ್ರು ಅಂತ ಹಾಕಪಾ ನಮ್ಮ ಕಾಕಾಗ."

"ಹಾಕೂಣಂತ್ರಿ. ನಿಮ್ಮ ಕಾಕಾ ಅವರ ತಮ್ಮನ ಮ್ಯಾಲ ಕೋರ್ಟಿನ್ಯಾಗ ಎಷ್ಟ ದಾವೆ ಹಾಕಿದ್ರು?"

"ಅದೇನ, ಮೂರೋ ನಾಕೋ ಇರಬೇಕ."

"ಗೆಳ್ಯಾನ ಮ್ಯಾಲ ಯಾರರೆ ದಾವೆ ಹಾಕತಾರೇನ್ರಿ? ಶತ್ರು ಇದ್ದ, ಅದಕ್ಕ ಹಾಕಿದ್ರು. ಛಲದಾಂವ ಅಂತ ಹಾಕೂಣು. ಊರ ಮಂದಿ ಓದಿ, ಹೌದು ಇದು ಅವರ ಕಾಕಾನ ಅನ್ನಬೇಕು."

ಮನೆಯವರು ಮೊದಲು ಮುಖ ಕೆಂಪಗೆ ಮಾಡಿಕೊಳ್ಳುವರು, ಆಮೇಲೆ ನಗುವರು, ಕಡೆಗೆ 'ಛಲದ ಮನುಷ್ಯ' ಎಂದೇ ಹೊಡೆಸಿಕೊಂಡು ಹೋಗುವರು. 'ಮತ್ತೆ ಹುಟ್ಟಿ ಬಾ' ಎಂದವರಿಗೆ ಇನ್ನೊಂದು ಪಾಠ. "ಪಾಪ, ಈಗರೆ ಬಿಡುಗಡಿ ಆಗೈತಿ. ಮತ್ತ ಕರಸಿ ಈ ಧೂಳಾಗ ನಿಂದರಸ್ತೀರೇನ್ರಿ ಅವರನ್ನ?" ಕಾಂತೇಶನ ಮನೆಯವರು ನವಬೌದ್ಧರು. ಹೋದ ಜೀವ ತಿರುಗಿ ಬರುತ್ತದೆ ಅನ್ನುವ ಮಾತನ್ನು ಅವನು ನಂಬಿದವನಲ್ಲ. ಮಾಡಿದ್ದಷ್ಟೇ ಉಳಿಯುತ್ತದೆ, ಉಳಿದದ್ದೆಲ್ಲ ಫ್ಲೆಕ್ಸು, ಗಾಳಿ ಬಂದರೆ ಹರಿಯುತ್ತದೆ ಅನ್ನುತ್ತಿದ್ದ. ಅಂಥವನಿಗೆ 'ಮತ್ತೆ ಹುಟ್ಟಿ ಬಾ'! ಅದೂ ಅವನ ಅಂಗಡಿಯ ಎದುರಿಗೇ, ಬೇರೆ ಅಂಗಡಿಯಲ್ಲಿ ಹೊಡೆಸಿ ತಂದು!

ಈ ಚಾಳಿ ಅವನಿಗೆ ಹತ್ತಿದ್ದು ಕಾಲೇಜಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಒಂದು ಚರ್ಚಾಕೂಟವಿತ್ತು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಕ್ಯಾಂಟೀನಿನ ಹಿಂದಿನ ಬೇವಿನ ಮರದ ಕೆಳಗೆ ಹುಡುಗರು, ನಾಲ್ಕೈದು ಹುಡುಗಿಯರು ಸೇರುವರು. ಆ ಕೂಟಕ್ಕೆ ಒಂದೇ ಒಂದು ಕಟ್ಟಳೆ. ಪ್ರತಿ ವಾರ ಒಬ್ಬರದು ಅಡ್ಡಗಾಲಿನ ಪಾಳಿ. ಉಳಿದವರೆಲ್ಲ ಏನು ಹೇಳುತ್ತಾರೋ ಅದಕ್ಕೆ ಆ ದಿನ ಅವರು ಅಡ್ಡಗಾಲು ಹಾಕಬೇಕು, ಮನಸ್ಸಿನಲ್ಲಿ ಒಪ್ಪಿಗೆ ಇದ್ದರೂ ಬಿಡುವ ಹಾಗಿಲ್ಲ. ಅಡ್ಡಗಾಲಿನವರು ಮಾತಾಡದೆ ಸಭೆ ಮುಗಿಯುವಂತಿಲ್ಲ, ಮಳೆ ಬರಲಿ, ಬಸ್ಸು ತಪ್ಪಲಿ. ಉಳಿದವರು ಆ ಪಾಳಿ ಬಂತೆಂದರೆ ಏನೋ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಕಾಂತೇಶ ಮಾತ್ರ ಅವರಿವರ ಪಾಳಿಯನ್ನೂ ಬೇಡಿ ತೆಗೆದುಕೊಳ್ಳುತ್ತಿದ್ದ.

ಒಂದು ಶನಿವಾರದ ವಿಷಯ, ಹೆಣ್ಣುಮಕ್ಕಳಿಗೆ ಪದವಿಯ ಓದು ಬೇಕೋ ಬೇಡವೋ. ಮಂಜುಳಾ ಕಿತ್ತೂರಿನ ಹತ್ತಿರದ ದೇಗಾಂವದ ರೈತನ ಮಗಳು, ದಿನಾ ಬಸ್ಸಿಗೆ ಬಂದು ಹೋಗುವವಳು. ಎದೆಯುಬ್ಬಿಸಿ ಬೇಕೇ ಬೇಕು ಎಂದಳು. ಅಡ್ಡಗಾಲಿನವನು ಎದ್ದ. ಓದಿದ ಹುಡುಗಿಗೆ ಓದಿದ ವರ ಬೇಕು, ಓದಿದ ವರನಿಗೆ ವರದಕ್ಷಿಣೆ ಹೆಚ್ಚು ಬೇಕು, ಆಮೇಲೂ ಅವಳು ಬಡಿಯುವುದು ರೊಟ್ಟಿಯನ್ನೇ, ಅದಕ್ಕೆ ಬಿ.ಎ. ಯಾಕೆ ಎಂದು ಒಂದೊಂದಾಗಿ ಮೊಳೆ ಹೊಡೆದ. ಮಂಜುಳಾ ಎಲ್ಲರೆದುರು ಅತ್ತುಬಿಟ್ಟಳು.

ಬಸ್ಸಿಗೆ ಹೋಗುವ ದಾರಿಯಲ್ಲಿ ಅವನು ಹಿಂದೆಯೇ ಓಡಿಬಂದ. "ಮಂಜುಳಾ, ನಾ ಹೇಳಿದ್ರಾಗ ಒಂದೂ ನನಗ ಖರೆ ಅನ್ಸಿಲ್ಲ. ಆದ್ರ ನಿಮ್ಮಪ್ಪ ಇದನ್ನ ಹೇಳಾಂವ ಅದಾನ. ಅವತ್ತ ಅಳಬ್ಯಾಡ. ಉತ್ತರ ಕೊಡು."

"ನಮ್ಮಪ್ಪನ್ನ ನೀ ಎಲ್ಲಿ ನೋಡೀ?"

"ಎಲ್ಲಾರಪ್ಪನೂ ಒಂದ ಮಾತ ಆಡತಾನ. ನಮ್ಮಪ್ಪನ್ನ ನೋಡೇನಲ್ಲ!"

ದೀಪಾವಳಿಯ ರಜೆಯಲ್ಲಿ ಅಪ್ಪ ಜಗಲಿಯ ಮೇಲೆ ಕುಳಿತು ಓದು ಬಿಡಿಸುವ ಮಾತು ತೆಗೆದ. ವರ, ವರದಕ್ಷಿಣೆ, ರೊಟ್ಟಿ, ಅದೇ ಸಾಲು, ಅದೇ ಕ್ರಮ. ಮಂಜುಳಾ ಅಳಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟಳು. ಅಪ್ಪ ಕಡೆಗೆ ತಲೆಯ ರುಮಾಲು ತೆಗೆದು ಜಾಡಿಸಿ, "ಹಾಳಾಗಿ ಹೋಗು, ಓದು" ಎಂದ. ಅವಳು ಬಿ.ಎ. ಮುಗಿಸಿದಳು, ಬೈಲಹೊಂಗಲಕ್ಕೇ ಸೊಸೆಯಾಗಿ ಬಂದಳು, ಗಂಡನ ಮನೆಯವರು ಮುಚ್ಚಬೇಕೆಂದಿದ್ದ ಖಾರದ ಗಿರಣಿಯನ್ನು ತಾನೇ ನಡೆಸಿದಳು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಈಗ ಮೂರು ಓಣಿಗೆ ಕೇಳುತ್ತದೆ. ಬದುಕಿನಲ್ಲಿ ತಾನು ಯಾರಿಗಾದರೂ ಎದುರು ನಿಂತಿದ್ದೇನೆಂದರೆ ಅದು ಕಾಂತೇಶ ಕಲಿಸಿದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಬ್ಯಾನರು ನೋಡಿದ ಮರುದಿನ ಗಿರಣಿಗೆ ಕಾಂತೇಶನ ತಾಯಿ ಕೆಂಪವ್ವ ಬಂದಳು. ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಮಂಜುಳಾ ಗಿರಣಿ ನಿಲ್ಲಿಸಿ, ಕುಳ್ಳಿರಿಸಿ, ನೀರು ಕೊಟ್ಟಳು. ಮುದುಕಿ ನೀರು ಕುಡಿದು ತಂಬಿಗೆ ತಿರುಗಿ ಕೊಟ್ಟಳು.

"ಕಲ್ಮೇಶ ಮತ್ತ ಸಾವ್ಕಾರ ಮನಿಗೆ ಬಂದಿದ್ರವ್ವಾ. ಊರ ಮುಂದ ದೊಡ್ಡ ರಸ್ತೆಕ್ಕ ಬಸ್ಸಿನ ನಿಲ್ದಾಣ ಕಟ್ಟಸ್ತಾರಂತ. ಕಾಂತೇಶನ ಹೆಸರ ಕೆತ್ತಸ್ತಾರಂತ, ಕಲ್ಲಾಗ."

"ಅದಕ್ಕ ಬದಲಿ ಏನ ಕೇಳಿದ್ರು?"

"ದಾರಿ ತಕರಾರು ಬಿಟ್ಟೇವಿ ಅಂತ ಹೆಬ್ಬಟ್ಟ ಒತ್ತಬೇಕಂತ. ಶನಿವಾರ, ಅಲ್ಲೇ ಸಭಾದಾಗ."

ಮಂಜುಳಾಳ ಕೈಯೊಳಗಿನ ತಂಬಿಗೆ ಅಲ್ಲೇ ನಿಂತಿತು. ದಾರಿಯ ತಕರಾರು ಎಂದರೆ ಕಾಂತೇಶನ ಅರ್ಧ ಆಯುಷ್ಯ. ಅವನ ಓಣಿಯ ಮಂದಿಯ ಮಸಣ ಹೊಳೆದಂಡೆಯಲ್ಲಿತ್ತು. ಅಲ್ಲಿಗೆ ಹೋಗುವ ದಾರಿಗೆ ಅಂದಾನೆಪ್ಪ ಮುಳ್ಳುತಂತಿ ಎಳೆದು, ಉತ್ತು, ಕಬ್ಬು ಹಚ್ಚಿದ್ದ. ಕಾಂತೇಶನ ಅಪ್ಪ ಸತ್ತಾಗ ಹೆಣವನ್ನು ಸುತ್ತು ಬಳಸಿ, ಹಳ್ಳದ ಕೆಸರಿನೊಳಗೆ ಮೊಳಕಾಲಿನತನಕ ಹೂತು ಹೊತ್ತೊಯ್ಯಬೇಕಾಯಿತು. ಹೊತ್ತವರಲ್ಲಿ ಒಬ್ಬ ಜಾರಿದ, ಹೆಣ ಕೆಸರಿಗೆ ಬಿತ್ತು. ಅವತ್ತಿನಿಂದ ಕಾಂತೇಶ ಬಿಡಲಿಲ್ಲ. ಅಂಗಡಿ ಮುಚ್ಚಿ ಕಚೇರಿಗೆ ಅಲೆದ. ಓಣಿಯವರು ಸಾವುಕಾರನ ಹೊಲದಲ್ಲೇ ಕೂಲಿಗೆ ಹೋಗುವವರು, ಅಂಜಿ ಹಿಂದೆ ಸರಿದರು. ಅರ್ಜಿಯಲ್ಲಿ ಉಳಿದದ್ದು ಅವನ ಹೆಸರೊಂದೇ. ಕಡೆಗೂ ಸರ್ವೇ ಮಾಡಬೇಕೆಂದು ಆದೇಶ ತಂದ, ದಿನವೂ ಗೊತ್ತಾಯಿತು. ಅಷ್ಟರೊಳಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ಅವನ ಹೆಣವೂ ಅದೇ ಹಳ್ಳದ ಕೆಸರಿನೊಳಗಿಂದಲೇ ಹೋಯಿತು. ಮಂಜುಳಾ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದಿದ್ದಳು. ಈಗ ತಾಯಿ ತಕರಾರು ಬಿಟ್ಟರೆ ಸರ್ವೇ ರದ್ದು, ದಾರಿ ಕಾಯಂ ಸಾವುಕಾರನದು.

"ಒತ್ತಬ್ಯಾಡ್ರಿ ಎವ್ವಾ!" ಮಂಜುಳಾ ಗಿರಣಿಯ ದನಿಯಲ್ಲೇ ಕೂಗಿದಳು.

ಕೆಂಪವ್ವ ತಲೆ ಎತ್ತಿ ನೋಡಿದಳು. "ನಿನ್ನ ಮಗಾ ಸತ್ತಿಲ್ಲವ್ವಾ. ಹೇಳೂದ ಹಗರ ಐತಿ. ಅಂವಗ ಹೇಣ್ತಿಲ್ಲ, ಮಕ್ಕಳಿಲ್ಲ. ನಾ ಹ್ವಾದಮ್ಯಾಲ ಅವನ ಹೆಸರ ಹೇಳಾವ್ರ ಯಾರದಾರ? ಕಲ್ಲರೆ ಹೇಳ್ತೈತಲ್ಲ."

ಮೂರು ಓಣಿಗೆ ಕೇಳುವ ಬಾಯಿ ಮಂಜುಳಾಳದು! ಈ ಮಾತಿಗೆ ಉತ್ತರ ಕೊಡುವ ಹಕ್ಕು ತನಗಿಲ್ಲ ಎನ್ನಿಸಿತು. ಆದರೆ ಸಂಕಟ ತಡೆಯಲಾಗಲಿಲ್ಲ. ಮುದುಕಿಯ ಕೈ ಹಿಡಿದುಕೊಂಡು ಅತ್ತಳು. ಇಬ್ಬರೂ ಅತ್ತರು. ಖಾರ ಬೀಸಿಸಲು ಬಂದವರು ಡಬ್ಬಿ ಹಿಡಿದು ಹೊರಗೇ ನಿಂತರು.

ಶನಿವಾರ ಸಭಾಭವನ ತುಂಬಿತ್ತು. ಹಳೆಯ ಚರ್ಚಾಕೂಟದವರು ಹೆಚ್ಚು ಕಡಿಮೆ ಎಲ್ಲರೂ ಬಂದಿದ್ದರು. ಕೆಲವರಿಗೆ ಹೊಟ್ಟೆ ಬಂದಿತ್ತು, ಕೆಲವರಿಗೆ ಕೂದಲು ಹೋಗಿತ್ತು. ವೇದಿಕೆಯ ಮೇಲೆ ಕಾಂತೇಶನ ಫೋಟೋ, ಚೆಂಡು ಹೂವಿನ ಮಾಲೆ, ನಡುವೆ ಅಂದಾನೆಪ್ಪ, ಪಕ್ಕದ ಕುರ್ಚಿಯ ತುದಿಯಲ್ಲಿ ಕೆಂಪವ್ವ. ಮೇಜಿನ ಮೇಲೆ ಒಂದು ಶಾಲು, ಒಂದು ಕಾಗದ, ಹೆಬ್ಬಟ್ಟು ಒತ್ತುವ ಶಾಯಿಪ್ಯಾಡು. ಅದನ್ನು ಹೂವಿನ ತಟ್ಟೆಯ ಪಕ್ಕ ಎಷ್ಟು ನಾಜೂಕಾಗಿ ಇಟ್ಟಿದ್ದರೆಂದರೆ ಅದೂ ಪೂಜೆಯ ಸಾಮಾನು ಅನ್ನಬೇಕು!

ಕಲ್ಮೇಶ ಮೈಕು ಹಿಡಿದ. "ಕಾಂತೇಶ ಯಾರಿಗೂ ಎದುರು ಮಾತಾಡಿದವನಲ್ಲ. ಯಾರ ಮನಸ್ಸನ್ನೂ ನೋಯಿಸಿದವನಲ್ಲ." ಒಬ್ಬೊಬ್ಬರಾಗಿ ಎದ್ದು ಅದನ್ನೇ ಹೇಳಿದರು. ಶಾಂತ ಸ್ವಭಾವ, ಮೃದು ಮಾತು, ಸದಾ ನಗುಮುಖ. ಅವನಿಂದ ಬೈಸಿಕೊಂಡವರೇ, ಅವನ ಜೊತೆ ವಾದ ಮಾಡಿ ವರ್ಷಗಟ್ಟಲೆ ಮಾತು ಬಿಟ್ಟವರೇ ಹೇಳಿದರು. ಕಡೆಗೆ ಅಂದಾನೆಪ್ಪ ಎದ್ದ. "ಕಾಂತೇಶ ನನಗ ತಮ್ಮ ಇದ್ದಂಗ. ನಮ್ಮಿಬ್ಬರ ನಡುವ ಒಂದ ಕೆಟ್ಟ ಮಾತ ಬಂದಿಲ್ಲ. ಏನೋ ಸಣ್ಣ ತಪ್ಪ ತಿಳುವಳಿಕಿ ಇತ್ತು, ಅದನ್ನೂ ಇವತ್ತ ಅವರವ್ವ ದೊಡ್ಡ ಮನಸ ಮಾಡಿ ಮುಗಸ್ತಾರ." ಚಪ್ಪಾಳೆ ಬಿತ್ತು. ಕಲ್ಮೇಶ ಶಾಯಿಪ್ಯಾಡಿನ ಮುಚ್ಚಳ ತೆಗೆದ.

ಮಂಜುಳಾ ಎದ್ದು ನಿಂತಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಇವತ್ತ ಅಡ್ಡಗಾಲಿನ ಪಾಳಿ ಯಾರದು?"

ಹಳೆಯ ಕೂಟದವರು ಒಮ್ಮೆಲೇ ತಲೆ ತಿರುಗಿಸಿದರು. ಉಳಿದವರಿಗೆ ಏನೂ ತಿಳಿಯಲಿಲ್ಲ.

"ಮಂಜುಳಾ, ಕುಂಡ್ರು. ಶ್ರದ್ಧಾಂಜಲಿ ಸಭಾ ಐತಿ ಇದು."

"ಅದಕ್ಕ ನಿಂತೇನಿ, ಕಲ್ಮೇಶ. ಅಡ್ಡಗಾಲಿನವ್ರು ಮಾತಾಡಲಾರದ ಸಭಾ ಮುಗಿಯೂದಿಲ್ಲ. ಬ್ಯಾವಿನ ಗಿಡದ ಬುಡಕ ನೀನೂ ಕುಂತಿದ್ದಿ. ಯಾರೂ ಪಾಳಿ ತಗೋಳಾಕ ತಯಾರಿಲ್ಲ ಅಂದ್ರ ನಾ ತಗೋತೇನಿ." ಅವಳು ಜನರ ಕಡೆ ತಿರುಗಿದಳು. "ಕಾಂತೇಶ ಮಿತಭಾಷಿ ಆಗಿದ್ನಂತ! ಅಂವ ಬಾಯಿ ತಗದ್ರ ಚಹಾ ಆರಿ ಅಂಬಲಿ ಆಗತಿತ್ತು. ಅಜಾತಶತ್ರು ಅಂತ! ಅಂವಗ ಶತ್ರುಗಳಿದ್ರು. ಆರಿಸಿ ಆರಿಸಿ ಮಾಡಕೊಂಡಿದ್ದ. ಅದರಾಗ ಇಬ್ಬರು ಈಗ ಸ್ಟೇಜಿನ ಮ್ಯಾಲ ಕುಂತಾರ."

ಯಾರೋ ನಕ್ಕರು, ನಕ್ಕು ಬಾಯಿ ಮುಚ್ಚಿಕೊಂಡರು. ಅಂದಾನೆಪ್ಪನ ಮುಖದ ಬಣ್ಣ ಬದಲಾಯಿತು.

"ಅವ್ವಾಗ ಇದ ಮಾಡ್ರಿ, ಇದ ಬಿಡ್ರಿ ಅನ್ನಾಕ ನಾ ಯಾರು? ಮಗಾ ಆಕಿದು, ಹೆಸರ ಆಕಿ ಮಗಂದು. ಆದ್ರ ಸುಳ್ಳ ಹೇಳಿ ಹೆಬ್ಬಟ್ಟ ತಗೋಬ್ಯಾಡ್ರಿ. ಸಾವ್ಕಾರ್ರ, ಎಲ್ಲಾರ ಮುಂದ ಖರೆ ಹೇಳ್ರಿ. ಮಸಣದ ದಾರಿಗೆ ತಂತಿ ಎಳದಾವ ನಾ, ನಿನ್ನ ಮಗಾ ಅದನ್ನ ಬಿಡಸಾಕ ಬಡದಾಡಿ ಸತ್ತ, ಆ ದಾರಿ ನನಗ ಬೇಕು, ಅದಕ್ಕ ಬದಲಿ ಬಸ್ಸಿಗೆ ನಿಲ್ಲಾಕ ಒಂದ ನೆಳ್ಳ ಕಟ್ಟಿಸಿ ಕೊಡತೇನಿ ಅನ್ರಿ. ಅಂದು ಆಮ್ಯಾಲ ಕೇಳ್ರಿ. ಆಕಿ ಒತ್ತಿದ್ರ ನಾ ಮೊದಲ ಚಪ್ಪಾಳಿ ಹೊಡಿತೇನಿ."

ಹಳೆಯ ಕೂಟದ ಒಬ್ಬ ಎದ್ದು, "ಖರೆ ಹೇಳ್ಯಾಳ" ಎಂದ. ಇನ್ನೊಬ್ಬ ಎದ್ದ. ಅಂದಾನೆಪ್ಪ ಅವರ ಕಡೆ ನೋಡಲಿಲ್ಲ, ಪಕ್ಕಕ್ಕೆ ಬಾಗಿ ಮೆಲ್ಲಗೆ, "ಅವರ ಮಾತ ಬಿಡು ಕೆಂಪವ್ವಾ. ನಿನ್ನ ಮಗನ ಹೆಸರ ನೂರು ವರ್ಷ ಇರತೈತಿ. ಒತ್ತು" ಎಂದ. ಮೈಕು ಹಚ್ಚೇ ಇತ್ತು, ಎಲ್ಲರಿಗೂ ಕೇಳಿತು.

ಕೆಂಪವ್ವ ಕಾಗದ ನೋಡಲಿಲ್ಲ, ಮಗನ ಫೋಟೋ ನೋಡಿದಳು. ಅವಳ ಹೆಬ್ಬೆರಳು ಶಾಯಿಪ್ಯಾಡಿನ ಹತ್ತಿರ ಹೋಯಿತು. ಒತ್ತಿದರೂ ಈ ಮುದುಕಿಯನ್ನು ಬೈಯುವುದಿಲ್ಲ ಎಂದು ಮಂಜುಳಾ ಮನಸ್ಸಿನಲ್ಲೇ ಅಂದುಕೊಂಡಳು.

"ಸಾವ್ಕಾರ, ಒಂದ ಮಾತ ಕೇಳಲ್ಯಾ?"

"ಕೇಳ, ಕೇಳ."

"ನಾಳೆ ನಾ ಸತ್ರ ನನ್ನ ಯಾ ದಾರೀಲೆ ಒಯ್ತಾರ?"

ಅಂದಾನೆಪ್ಪ ಕಾಗದವನ್ನು ಅವಳ ಹತ್ತಿರ ಸರಿಸಿದ. "ಅದನ್ನ ಆಮ್ಯಾಲ ನೋಡೂಣಂತ."

"ಆಮ್ಯಾಲ ಅಂದ್ರ ನಾ ಸತ್ತಮ್ಯಾಲ ಆತು. ಆವಾಗ ನಾ ಹೆಂಗ ನೋಡ್ಲಿ? ನನ್ನ ಗಂಡ ಕೆಸರಾಗ ಬಿದ್ದ. ಮಗಾ ಕೆಸರಾಗ ಹ್ವಾದ. ನಾ ಒಲ್ಲೆ." ಅವಳು ಎದ್ದಳು. ಶಾಲು ಮೇಜಿನ ಮೇಲೆಯೇ ಉಳಿಯಿತು. ಮಾಲೆಯ ಸಮೇತ ಮಗನ ಫೋಟೋ ಎತ್ತಿ ಬಗಲಲ್ಲಿ ಇಟ್ಟುಕೊಂಡಳು. "ಬಸ್ಸಿಗೆ ನಾವು ಬಿಸಲಾಗ ನಿಂದರ್ತೇವಿ. ರೂಢಿ ಐತಿ."

ವೇದಿಕೆ ಇಳಿಯುವಾಗ ಮಂಜುಳಾ ಓಡಿಹೋಗಿ ಕೈ ಹಿಡಿದಳು. ಹೊರಗೆ ಬಂದ ಮೇಲೆ ಮುದುಕಿ ಅವಳನ್ನು ಗದರಿಸಿದಳು. "ಅಷ್ಟ ದೊಡ್ಡ ದನಿ ಯಾಕವ್ವಾ? ನನಗೇನ ಕಿವಿ ಇಲ್ಲೇನ?"

ಸರ್ವೇ ದಿನ ಮಂಜುಳಾ ಗಿರಣಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ಹೋದಳು. ಹಳೆಯ ಕೂಟದ ಕೆಲವರು ಬಂದಿದ್ದರು. ಓಣಿಯವರು ಮೊದಲು ಬಾಗಿಲಲ್ಲಿ ನಿಂತು ನೋಡಿದರು. ಹೆಂಗಸರು ಹೊರಟ ಮೇಲೆ ಗಂಡಸರೂ ಹಿಂದೆ ಬಂದರು. ಅಂದಾನೆಪ್ಪ ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಕಲ್ಮೇಶ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ. ಬಂದದ್ದು ಯಾರ ಪರವಾಗಿ ಎಂಬುದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಸರ್ವೇಯವನು ನಕಾಶೆ ಬಿಚ್ಚಿದ, ತಂತಿಯಾಚೆಯ ಕಬ್ಬು ನೋಡಿದ. ಕಬ್ಬು ಆಳೆತ್ತರ ಬೆಳೆದು ನಿಂತಿತ್ತು.

"ನಿಂತ ಬೆಳಿಯೊಳಗ ಹೆಂಗ ಅಳೀತೀರಿ ಸಾಹೇಬ್ರ?" ಅಂದಾನೆಪ್ಪ ಕುಳಿತಲ್ಲಿಂದಲೇ ಅಂದ. "ಕಟಾವ ಆಗ್ಲಿ. ಆಮ್ಯಾಲ ಬರ್ರಿ."

ಸರ್ವೇಯವನು ತಲೆ ಕೆರೆದುಕೊಂಡ. ನಕಾಶೆ ಮಡಚತೊಡಗಿದ. ಕಟಾವಿನ ಹೊತ್ತಿಗೆ ಈ ಸರ್ವೇಯವನು ವರ್ಗವಾಗಿ ಹೋಗಿರುತ್ತಾನೆ, ಹೊಸಬ ಬರುವಷ್ಟರಲ್ಲಿ ಮತ್ತೆ ಕಬ್ಬು ನಿಂತಿರುತ್ತದೆ. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು. ಮಂಜುಳಾ ಬಾಯಿ ತೆರೆಯುವಷ್ಟರಲ್ಲಿ ಕೆಂಪವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಂತಿಯ ಕೆಳಗೆ ಬಗ್ಗಿ ನುಸುಳಿದಳು. ಸೆರಗು ಮುಳ್ಳಿಗೆ ಸಿಕ್ಕು ಪರ್ರನೆ ಹರಿಯಿತು. ತಿರುಗಿ ನೋಡಲಿಲ್ಲ.

"ನಾ ಮುಂದ ನಡೀತೇನ್ರಿ ಸಾಹೇಬ್ರ," ಎಂದಳು. "ನೀವ ಹಿಂದಿಂದ ಅಳಕೋತ ಬರ್ರಿ."

ಕಬ್ಬಿನೊಳಗೆ ಹೊಕ್ಕಳು. ಗರಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಹೊಳೆಯ ಕಡೆಗೆ, ನೆಟ್ಟಗೆ. ಅಂದಾನೆಪ್ಪ ಕುರ್ಚಿಯಿಂದ ಎದ್ದು ಕೂಗಾಡಿದ. ಮಂಜುಳಾ ತಂತಿ ಎತ್ತಿ ಹಿಡಿದಳು, ಒಬ್ಬೊಬ್ಬರಾಗಿ ಹೆಂಗಸರು ಒಳಗೆ ಹೋದರು. ಸರ್ವೇಯವನು ಇನ್ನೂ ಅನುಮಾನದಲ್ಲಿ ನಿಂತೇ ಇದ್ದ.

"ಅಮ್ಮಾ, ಸಾವ್ಕಾರ್ರು ಬ್ಯಾಡ ಅನ್ನಾಕತ್ತಾರಲ್ರೀ!"

ಕಬ್ಬಿನ ಒಳಗಿಂದ ಮುದುಕಿಯ ದನಿ ಬಂತು.

"ಅಂವ ಅನ್ನಾಂವನ. ನೀವ ಅಳೀರಿ!"